ನೀಲಿ ಕಂಡಲ್ಲಿಗೆ ನಿಲ್ಲಿಸಿದೆ

ಕಲೂರ್, ಕೊಚ್ಚಿ
9 ಜೂನ್ 2024

ಅಪ್ಪನಿಗೆ ಶಂಕರಿಯ ನಮಸ್ಕಾರ.

ಈ ಕಾಗದ ಅಮ್ಮನ ಕೈಗೆ ಸಿಗದಿರಲಿ. ನಿಮ್ಮ ಗಂಟಲಿನ ಆಪರೇಷನ್ ಆಗಿ ಸ್ವರ ಹೋದ ಮೇಲೆ ಫೋನ್ ಎತ್ತುವುದು ಅಮ್ಮ, ಮೊಬೈಲಿಗೆ ಬಂದದ್ದನ್ನು ನಿಮಗಿಂತ ಮೊದಲು ಓದುವುದೂ ಅಮ್ಮ. ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ. ಎರ್ನಾಕುಳಂ ಕೋರ್ಟಿನಲ್ಲಿ ಮೂವತ್ತು ವರ್ಷ ಸರ್ಕಾರಿ ವಕೀಲರಾಗಿ ಕ್ರಿಮಿನಲ್ ಕೇಸು ನಡೆಸಿದ ಕೃಷ್ಣಾನಂದರು ನೀವು. ಈಗ ನನಗೆ ಅಪ್ಪನಿಗಿಂತ ಹೆಚ್ಚು ಆ ವಕೀಲರು ಬೇಕಾಗಿದ್ದಾರೆ.

ನಾನು ಒಬ್ಬ ನಿರಪರಾಧಿಯನ್ನು ಜೈಲಿಗೆ ಹಾಕಿದ್ದೇನೆ.

ಅವನ ಹೆಸರು ಅನೀಶ್. ಫೋರ್ಟ್ ಕೊಚ್ಚಿಯಲ್ಲಿ ಹಚ್ಚೆ ಹಾಕುವ ಅಂಗಡಿ ಇಟ್ಟುಕೊಂಡಿದ್ದ. ಕಳೆದ ನವೆಂಬರಿನಲ್ಲಿ ಪೊಲೀಸರು ಅಲ್ಲಿಂದ ನೂರ ಹತ್ತು ಗ್ರಾಂ ಬಿಳಿ ಪುಡಿ ಹಿಡಿದರು. ಚರ್ಮ ಮರಗಟ್ಟಿಸುವ ಔಷಧಿ, ಮುಲಾಮಿಗೆ ಬೆರೆಸಲು ತರಿಸಿದ್ದು ಎಂದು ಅವನು ಹೇಳಿದ. ಕೊಕೇನ್ ಎಂದು ಅವರು ಹೇಳಿದರು. ಪುಡಿ ನಮ್ಮ ಸರ್ಕಾರಿ ಲ್ಯಾಬಿಗೆ, ನನ್ನ ಮೇಜಿಗೆ ಬಂತು.

ಒಂದು ಚಿಟಿಕೆ ಪುಡಿಗೆ ಕೋಬಾಲ್ಟಿನ ಗುಲಾಬಿ ದ್ರಾವಣ ಎರಡು ಹನಿ ಹಾಕಿದೆ. ಗಾಢ ನೀಲಿ ಬಂತು. ಆಮೇಲೆ ಇನ್ನೆರಡು ಹಂತಗಳಿವೆ, ಅವೂ ಮುಗಿದ ಮೇಲೆ ಯಂತ್ರದ ಪರೀಕ್ಷೆ ಇದೆ. ಯಂತ್ರ ಕೆಟ್ಟು ಎರಡು ತಿಂಗಳಾಗಿತ್ತು. ಇನ್ನೂ ನಲವತ್ತಮೂರು ಪೊಟ್ಟಣಗಳು ಸಾಲಿನಲ್ಲಿದ್ದವು. ನೀಲಿ ಕಂಡಲ್ಲಿಗೆ ನಿಲ್ಲಿಸಿದೆ.

ನಮ್ಮಲ್ಲಿ ವರದಿಯನ್ನು ಯಾರೂ ಹೊಸದಾಗಿ ಬರೆಯುವುದಿಲ್ಲ. ಹಳೆಯ ವರದಿಯ ಫೈಲು ತೆರೆದು ನಂಬರು, ಠಾಣೆ, ತೂಕ, ತಾರೀಕು ಬದಲಿಸುತ್ತೇವೆ. ನಾನು ತೆರೆದ ಫೈಲಿನಲ್ಲಿ ‘ಯಂತ್ರದ ಪರೀಕ್ಷೆಯಿಂದಲೂ ದೃಢಪಟ್ಟಿದೆ’ ಎಂಬ ಸಾಲಿತ್ತು. ಅದು ಹಾಗೆಯೇ ಉಳಿಯಿತು, ಕೆಳಗೆ ನಾನು ಸಹಿ ಹಾಕಿದೆ. ಮರೆತೆ ಎಂದು ಹೇಳಬಹುದು. ಕಣ್ಣಿಗೆ ಬಿದ್ದಿತ್ತು, ಇರಲಿ ಬಿಡು ಎಂದುಕೊಂಡೆ ಎಂಬುದೂ ನಿಜವಿರಬಹುದು. ಯಾವುದು ಎಂದು ನನಗೇ ತಿಳಿಯುತ್ತಿಲ್ಲ.

ಮೇ ತಿಂಗಳಲ್ಲಿ ಯಂತ್ರ ಸರಿಯಾಯಿತು. ಮನಸ್ಸು ತಡೆಯದೆ, ಉಳಿದಿದ್ದ ಚೂರು ಪುಡಿಯನ್ನು ಅದಕ್ಕೆ ಕೊಟ್ಟು ನೋಡಿದೆ. ಕೊಕೇನ್ ಅಲ್ಲ, ಲಿಡೊಕೇನ್. ಹಲ್ಲು ಕೀಳುವ ಮೊದಲು ಡಾಕ್ಟರು ಒಸಡಿಗೆ ಚುಚ್ಚುವುದು ಅದನ್ನೇ. ಅವನು ಹೇಳಿದ್ದು ಅಕ್ಷರಶಃ ನಿಜ.

ಏಳು ತಿಂಗಳಿಂದ ಒಳಗಿದ್ದಾನೆ. ತೂಕ ನೂರು ಗ್ರಾಂ ದಾಟಿದ್ದರಿಂದ ಜಾಮೀನು ಸಿಗುತ್ತಿಲ್ಲ. ನಾನು ಏನು ಮಾಡಲಿ, ಬೇಗ ಹೇಳಿ.

ನಿಮ್ಮ
ಶಂಕರಿ


ತಿರುವನಂತಪುರ
14 ಜೂನ್ 2024

ಮಗಳೇ,

ನಿನ್ನ ಕಾಗದ ಮೂರು ಸಲ ಓದಿ ಸುಟ್ಟುಬಿಟ್ಟೆ. ಗ್ಯಾಸ್ ಒಲೆಯ ಮೇಲೆ ಸುಟ್ಟದ್ದಕ್ಕೆ ನಿನ್ನ ಅಮ್ಮನಿಂದ ಬೈಗುಳವೂ ಆಯಿತು. ಇದನ್ನು ನೀನೂ ಹಾಗೆಯೇ ಮಾಡು, ಮನೆಯ ಹೊರಗೆ ಮಾಡು.

ಕೋರ್ಟು ಹೇಳದೆ ಉಳಿದ ಮಾದರಿಯನ್ನು ಮುಟ್ಟಿದ್ದು ನಿನ್ನ ಎರಡನೇ ತಪ್ಪು. ಯಾರನ್ನು ಕೇಳಿ ಮಾಡಿದಿರಿ ಎಂಬುದೇ ಅವರ ಮೊದಲ ಪ್ರಶ್ನೆ. ಮಾಡದ ಪರೀಕ್ಷೆಯನ್ನು ಮಾಡಿದ್ದೇನೆಂದು ಬರೆದು ಸಹಿ ಹಾಕಿದ ಸರ್ಕಾರಿ ನೌಕರಳಿಗೆ ಕೆಲಸ ಹೋಗುವುದಷ್ಟೇ ಅಲ್ಲ, ಅವಳ ಮೇಲೇ ಕೇಸಾಗುತ್ತದೆ. ನಿನ್ನ ಮಗಳು ಸಂಹಿತಾ ಈಗ ಒಂಬತ್ತನೆಯ ಕ್ಲಾಸಿನಲ್ಲಿದ್ದಾಳೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಯಾರಿಗೂ ಏನೂ ಹೇಳಬೇಡ. ಮೊದಲು ನನಗೆ ಅರ್ಥ ಮಾಡಿಸು. ಬಣ್ಣ ಒಂದೇ, ವಸ್ತು ಬೇರೆ ಎಂದರೆ ಹೇಗೆ? ಎಸ್ಸೆಸ್ಸೆಲ್ಸಿಯಲ್ಲಿ ನನಗೆ ರಸಾಯನಶಾಸ್ತ್ರದಲ್ಲಿ ಮೂವತ್ತೇಳು ಅಂಕ. ನ್ಯಾಯಾಧೀಶರಿಗೂ ಅದಕ್ಕಿಂತ ಬಹಳ ಹೆಚ್ಚು ಬಂದಿರಲಿಕ್ಕಿಲ್ಲ, ಹಾಗೆಂದುಕೊಂಡೇ ಬರೆ.

ಅಪ್ಪ


ಕಲೂರ್
20 ಜೂನ್ 2024

ಅಪ್ಪಾ,

ಸರಿ, ಎಸ್ಸೆಸ್ಸೆಲ್ಸಿಯಿಂದಲೇ ಶುರು ಮಾಡುತ್ತೇನೆ.

ಪರಮಾಣುಗಳಿಗೆ ಹೊರಗಿನ ಸುತ್ತಿನಲ್ಲಿ ಎಂಟು ಎಲೆಕ್ಟ್ರಾನು ಆಗುವ ತನಕ ನೆಮ್ಮದಿಯಿಲ್ಲ. ಹೈಡ್ರೋಜನ್ ಚಿಕ್ಕದು, ಅದಕ್ಕೆ ಎರಡೇ ಸಾಕು. ಉಪ್ಪಿನಲ್ಲಿ ಸೋಡಿಯಂ ತನ್ನದೊಂದನ್ನು ಕ್ಲೋರಿನ್‌ಗೆ ಬಿಟ್ಟುಕೊಡುತ್ತದೆ. ಕೊಟ್ಟದ್ದು ಧನ, ಪಡೆದದ್ದು ಋಣ. ಆ ಎರಡರ ಸೆಳೆತದಿಂದಲೇ ಉಪ್ಪಿನ ಹರಳು ನಿಲ್ಲುತ್ತದೆ. ಸಕ್ಕರೆ, ಕರ್ಪೂರ, ಔಷಧಿಗಳಲ್ಲಿ ಹಾಗಲ್ಲ. ಅಲ್ಲಿ ಯಾರೂ ಯಾರಿಗೂ ಕೊಟ್ಟುಬಿಡುವುದಿಲ್ಲ. ಪಕ್ಕದ ಎರಡು ಪರಮಾಣುಗಳು ಒಂದೊಂದು ಎಲೆಕ್ಟ್ರಾನನ್ನು ನಡುವೆ ಇಟ್ಟು, ಆ ಜೋಡಿಯನ್ನು ಹಂಚಿಕೊಳ್ಳುತ್ತವೆ. ಹಂಚಿಕೊಂಡಿರುವಷ್ಟು ಹೊತ್ತು ಎರಡೂ ಬಿಟ್ಟುಹೋಗಲಾರವು. ಅದೇ ಬಂಧ, ನಾವು ಕಾಗದದ ಮೇಲೆ ಎಳೆಯುವ ಗೆರೆ. ಕಾರ್ಬನ್ ಇಂಥ ನಾಲ್ಕು ಬಂಧ ಕಟ್ಟುತ್ತದೆ, ಆಕ್ಸಿಜನ್ ಎರಡು, ಹೈಡ್ರೋಜನ್ ಒಂದು. ಯಾವುದು ಯಾವುದಕ್ಕೆ ಯಾವ ದಿಕ್ಕಿನಲ್ಲಿ ಕೂಡಿದೆ ಎಂಬುದರ ಮೇಲೆ ಅಣುವಿನ ಆಕಾರ, ಅದರ ಮೇಲೆ ಗುಣ.

ಈಗ ನೈಟ್ರೋಜನ್. ಹೊರಗಿನ ಸುತ್ತಿನಲ್ಲಿ ಅದಕ್ಕೆ ಐದು ಎಲೆಕ್ಟ್ರಾನು. ಮೂರನ್ನು ಹಂಚಿಕೊಂಡು ಮೂರು ಬಂಧ ಕಟ್ಟುತ್ತದೆ. ಎರಡು ಉಳಿಯುತ್ತವೆ, ಯಾರೊಂದಿಗೂ ಹಂಚಿಕೊಳ್ಳದ ಒಂದು ಜೋಡಿ. ಆ ಜೋಡಿ ಮೂರು ಬಂಧಗಳನ್ನೂ ಕೆಳಕ್ಕೆ ಒತ್ತುತ್ತದೆ, ಮುಕ್ಕಾಲಿಯ ಕಾಲುಗಳ ಹಾಗೆ. ತಾನು ಮೇಲೆ ಉಳಿದು, ಸಿಕ್ಕಿದ್ದರ ಕಡೆ ಚಾಚುತ್ತದೆ. ಕೊಕೇನಿನಲ್ಲಿ ಇಂಥ ಒಂದು ನೈಟ್ರೋಜನ್ ಇದೆ, ಮೂರು ಕಡೆಯೂ ಕಾರ್ಬನ್. ಲಿಡೊಕೇನಿನಲ್ಲೂ ಇದೆ. ನನ್ನ ಗುಲಾಬಿ ಹನಿಗೆ ಬೇಕಾದದ್ದು ಅಷ್ಟೇ. ಅಂಥ ನೈಟ್ರೋಜನ್ ಸಿಕ್ಕಿದರೆ ಅದು ನೀಲಿಯಾಗುತ್ತದೆ, ಅಣುವಿನ ಉಳಿದ ಭಾಗವನ್ನು ನೋಡುವುದೇ ಇಲ್ಲ. ಜಗಲಿಯಲ್ಲಿ ಚಪ್ಪಲಿ ನೋಡಿ ಒಳಗೆ ಕುಳಿತವರ ಹೆಸರು ಹೇಳಿದ ಹಾಗಾಯಿತು ನನ್ನ ಕೆಲಸ.

ಯಂತ್ರ ಹಾಗಲ್ಲ, ಅದು ಅಣುವನ್ನು ಒಡೆದು ಚೂರುಗಳನ್ನು ತೂಗಿ, ಪ್ರತಿ ತೂಕಕ್ಕೂ ಕಾಗದದ ಮೇಲೆ ಒಂದು ಗೆರೆ ಎಳೆಯುತ್ತದೆ. ಬಂಧಗಳು ಬೇರೆಯಾದರೆ ಒಡೆಯುವ ಜಾಗವೂ ಬೇರೆ. ಕೊಕೇನ್ ಇದ್ದರೆ ನೂರ ಎಂಬತ್ತೆರಡರಲ್ಲಿ ಗೆರೆ ಏಳಲೇಬೇಕು. ಅನೀಶನ ಪುಡಿಯಲ್ಲಿ ಅಲ್ಲಿ ಏನೂ ಇರಲಿಲ್ಲ. ಎಂಬತ್ತಾರರಲ್ಲಿ ಒಂದು ಗೆರೆ ಕಾಗದದ ತುದಿ ಮುಟ್ಟಿತ್ತು, ಅದು ಲಿಡೊಕೇನಿನದು.

ಆ ಕಾಗದ ನನ್ನ ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿದೆ. ನಾನು ಆ ಸೀರೆಗಳನ್ನು ಉಡುವುದನ್ನೇ ಬಿಟ್ಟಿದ್ದೇನೆ.

ಶಂಕರಿ


ತಿರುವನಂತಪುರ
27 ಜೂನ್ 2024

ಮಗಳೇ,

ಇಷ್ಟು ಚೆನ್ನಾಗಿ ನನ್ನ ಮೇಷ್ಟ್ರು ಹೇಳಿದ್ದರೆ ನನಗೆ ಮೂವತ್ತೇಳು ಬರುತ್ತಿರಲಿಲ್ಲ. ನಿನ್ನ ಕಾಗದವನ್ನು ಎದುರಿಗಿಟ್ಟುಕೊಂಡು ಎದುರು ಪಕ್ಷದ ವಕೀಲನ ಹಾಗೆ ಪ್ರಶ್ನೆ ಹುಡುಕಿದೆ. ಸ್ವಲ್ಪ ಕೊಕೇನ್ ಬೆರೆತಿದ್ದರೆ ಎಂದು ಕೇಳಿಕೊಂಡೆ. ಇಲ್ಲದ ಗೆರೆಯೇ ಅದಕ್ಕೆ ಉತ್ತರ. ನಿನ್ನ ಮಾತು ಗಟ್ಟಿಯಿದೆ.

ಹಾಗಾಗಿಯೇ ನೀನು ಮಾತಾಡುವ ಅಗತ್ಯವಿಲ್ಲ. ಅವನ ವಕೀಲರು ಮರುಪರೀಕ್ಷೆಗೆ ಅರ್ಜಿ ಹಾಕುತ್ತಾರೆ. ಕೋರ್ಟಿನಲ್ಲಿ ಮೊಹರು ಮಾಡಿಟ್ಟ ಎರಡನೇ ಪೊಟ್ಟಣ ಇರುತ್ತದೆ, ಅದು ಬೇರೆ ಲ್ಯಾಬಿಗೆ ಹೋಗುತ್ತದೆ, ಪುಡಿಯೇ ಸಾಕ್ಷಿ ಹೇಳುತ್ತದೆ. ನಿನ್ನದು ಕೆಲಸದ ಒತ್ತಡದಲ್ಲಾದ ತಪ್ಪು ಎಂದು ಒಂದು ನೋಟಿಸಿನಲ್ಲಿ ಮುಗಿಯುತ್ತದೆ. ಅವನಿಗೂ ಬಿಡುಗಡೆ, ನಿನಗೂ ಬಿಡುಗಡೆ.

ಕಾದಿರು. ಈ ಕಾಗದವನ್ನೂ ಸುಡು.

ಅಪ್ಪ


ಕಲೂರ್
3 ಆಗಸ್ಟ್ 2024

ಅಪ್ಪಾ,

ಒಂದು ತಿಂಗಳು ಕಾದೆ. ಅರ್ಜಿಯ ಸುದ್ದಿ ಯಾವ ಕಡೆಯಿಂದಲೂ ಇಲ್ಲ.

ನಿನ್ನೆ ಸಂಜೆ ಲ್ಯಾಬಿನ ಗೇಟಿನ ಹೊರಗೆ ಒಬ್ಬ ಹೆಂಗಸು ನಿಂತಿದ್ದಳು. ಅನೀಶನ ಹೆಂಡತಿ, ದೀಪ್ತಿ. ವರದಿಯ ಕೆಳಗಿದ್ದ ನನ್ನ ಹೆಸರು ನೋಡಿ ಹುಡುಕಿಕೊಂಡು ಬಂದಿದ್ದಾಳೆ. ಅವಳ ಜೊತೆ ಮಾತಾಡಬಾರದು ಎಂದು ನಿಮ್ಮಷ್ಟೇ ನನಗೂ ಗೊತ್ತು. ಅವಳು ಜಗಳ ಮಾಡಲಿಲ್ಲ. ಮೊಬೈಲಿನಲ್ಲಿ ಅವನು ಹಾಕಿದ ಹಚ್ಚೆಗಳ ಫೋಟೊ ತೋರಿಸಿದಳು. ಒಬ್ಬ ಮುದುಕ ಮೀನುಗಾರನ ತೋಳಿನ ಮೇಲೆ ತೀರಿಹೋದ ಹೆಂಡತಿಯ ಮುಖ, ಕೂದಲಿನ ಒಂದೊಂದು ಎಳೆಯೂ ಬೇರೆ ಬೇರೆ. ಸೂಜಿ ಹಿಡಿದಾಗ ಅವನ ಕೈ ನಡುಗಿದ್ದನ್ನು ತಾನು ನೋಡೇ ಇಲ್ಲ ಎಂದು ಹೇಳಿದಳು. ನೋವಿಗೆ ಅಳುವವರನ್ನು ಕಂಡರೆ ಅವನಿಗೆ ಆಗುವುದಿಲ್ಲವಂತೆ, ಅದಕ್ಕೇ ಆ ಪುಡಿ.

ಕೊನೆಗೆ, “ಚೇಚೀ, ಇನ್ನೊಂದು ಸಲ ನೋಡಬಹುದಲ್ಲ?” ಎಂದು ಅಕ್ಕನನ್ನು ಕೇಳುವ ಹಾಗೆ ಕೇಳಿದಳು.

ನಾನು ನೋಡಿ ಮೂರು ತಿಂಗಳಾಗಿದೆ ಅಪ್ಪಾ. ಆಫೀಸಿನಲ್ಲಿ ವಿಚಾರಿಸಿ ಎಂದು ಹೇಳಿ ಬಸ್ಸು ಹತ್ತಿದೆ. ಮನೆಯಲ್ಲಿ ಯಶವಂತ, ಜ್ವರವೇ ಎಂದು ಕೇಳಿದರು. ಹೌದು ಎಂದೆ. ಗಂಡನಿಗೆ ಸುಳ್ಳು ಹೇಳುವುದು ಈಗ ಅಭ್ಯಾಸವಾಗಿದೆ. ನನ್ನಿಂದ ಆಗುತ್ತಿಲ್ಲ.

ಶಂಕರಿ


ತಿರುವನಂತಪುರ
9 ಆಗಸ್ಟ್ 2024

ಮಗಳೇ,

ಕೋರ್ಟಿನ ಕೆಲಸ ನಿಧಾನ. ಕಾಯಲೇಬೇಕು. ಆ ಹೆಂಗಸು ಮತ್ತೆ ಬಂದರೆ ಹಿಂದಿನ ಗೇಟಿನಿಂದ ಹೋಗು.

ಡಾಕ್ಟರು ಮೊನ್ನೆ ನನ್ನ ಗಂಟಲು ನೋಡಿ ತೊಂದರೆಯಿಲ್ಲ ಎಂದರು. ಅಮ್ಮ ಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಬರುವವರ ಕೈಯಲ್ಲಿ ಕಳಿಸುತ್ತೇನೆ.

ಅಪ್ಪ


ಕಲೂರ್
21 ಸೆಪ್ಟೆಂಬರ್ 2024

ಶ್ರೀ ಕೃಷ್ಣಾನಂದರಿಗೆ,

ಸೋಮವಾರ ಅನೀಶನ ಜಾಮೀನು ಅರ್ಜಿ ಮೂರನೇ ಸಲ ವಜಾ ಆಯಿತು. ಜೈಲಿಗೆ ವಾಪಸು ಹೋದ ಮೇಲೆ ಅವನು ಬಲಗೈಯನ್ನು ಗೋಡೆಗೆ ಗುದ್ದಿದ್ದಾನೆ. ಜೊತೆಯವರು ಬಂದು ಹಿಡಿಯುವ ತನಕ ಗುದ್ದುತ್ತಲೇ ಇದ್ದನಂತೆ. ದೀಪ್ತಿ ಹಿಂದಿನ ಗೇಟಿಗೇ ಬಂದು ಹೇಳಿದಳು. ಅಂಗೈಯ ಎಲುಬುಗಳು ಮುರಿದಿವೆ, ಬೆರಳು ಮೊದಲಿನಂತೆ ಮಡಚುವುದು ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಬೇಕೆಂದೇ ಬಲಗೈಯನ್ನು ಗುದ್ದಿಕೊಂಡ ಎಂದು ಅವಳಿಗೆ ಅನುಮಾನ.

ಅವಳು ಹೋದ ಮೇಲೆ ಗಣಪತಿಯ ಆಫೀಸಿಗೆ ಹೋದೆ. ನಿಮ್ಮ ಕೈಕೆಳಗೆ ಕೆಲಸ ಕಲಿತ ಗಣಪತಿಯೇ, ಈಗ ಅವನೂ ತಲೆ ನರೆತ ವಕೀಲ. ಹೆಸರು ಹೇಳದೆ ಕೇಳಿದೆ, ಇಂಥ ಕೇಸಿನಲ್ಲಿ ಮರುಪರೀಕ್ಷೆಗೆ ಯಾವಾಗ ಅರ್ಜಿ ಹಾಕಬೇಕು ಎಂದು.

“ವರದಿ ಕೈಗೆ ಸಿಕ್ಕಿ ಹದಿನೈದು ದಿನದ ಒಳಗೆ ಅಕ್ಕಾ. ಆಮೇಲೆ ತುಂಬ ಕಷ್ಟ ಉಂಟು. ಇದು ನಿಮ್ಮ ಅಪ್ಪನಿಗೆ ಗೊತ್ತಿಲ್ಲದ್ದಾ?” ಎಂದ.

ವರದಿ ಕೋರ್ಟಿಗೆ ಹೋದದ್ದು ಜನವರಿಯಲ್ಲಿ. ನೀವು ನನಗೆ ಕಾದಿರು ಎಂದು ಬರೆದದ್ದು ಜೂನ್ ಕೊನೆಗೆ. ಮುಚ್ಚಿದ ಬಾಗಿಲಿನ ಎದುರು ನನ್ನನ್ನು ಕೂರಿಸಿ, ಈಗ ತೆರೆಯುತ್ತದೆ, ಈಗ ತೆರೆಯುತ್ತದೆ ಎಂದಿರಿ. ನನ್ನ ಸಾಲು ಹಳೆಯ ಫೈಲಿನಿಂದ ಬಂದಿತ್ತು. ನಿಮ್ಮ ಸಾಲನ್ನು ನೀವೇ ಯೋಚಿಸಿ ಬರೆದಿರಿ. ಜೂನಿನಲ್ಲಿ ನಾನು ಬಾಯಿ ಬಿಟ್ಟಿದ್ದರೆ ಅವನ ಕೈ ಉಳಿಯುತ್ತಿತ್ತು.

ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂದರೆ ಈ ಕಾಗದವನ್ನು ಎರಡು ಸಲ ಹರಿದು ಬರೆದಿದ್ದೇನೆ. ನಾಳೆ ಗಣಪತಿಗೆ ಎಲ್ಲವನ್ನೂ ಹೇಳುತ್ತೇನೆ. ನಿಮ್ಮ ಸಲಹೆ ಇನ್ನು ಬೇಡ.

ಶಂಕರಿ ಕೆ.
ಸಹಾಯಕ ರಾಸಾಯನಿಕ ಪರೀಕ್ಷಕಿ


ತಿರುವನಂತಪುರ
19 ಅಕ್ಟೋಬರ್ 2024

ಶಂಕರಿ,

ಉತ್ತರ ಬರೆಯಲು ನಾಲ್ಕು ವಾರ ಬೇಕಾಯಿತು. ದಿನವೂ ತಂಪಾನೂರಿನ ಅಂಚೆ ಡಬ್ಬಿಯ ತನಕ ಹೋಗಿ, ಬರೆದದ್ದನ್ನು ಜೇಬಿನಲ್ಲೇ ವಾಪಸು ತರುತ್ತಿದ್ದೆ.

ಹದಿನೈದು ದಿನದ ವಿಷಯ ನನಗೆ ಗೊತ್ತಿತ್ತು. ನಿನ್ನ ಮೊದಲ ಕಾಗದ ಓದಿದ ಗಳಿಗೆಯಲ್ಲೇ ಅವನ ದಾರಿ ಮುಚ್ಚಿದೆ, ತೆರೆಯಬಲ್ಲವಳು ನೀನೊಬ್ಬಳೇ ಎಂದು ತಿಳಿದಿತ್ತು. ತಿಳಿದೇ ಸುಳ್ಳು ಬರೆದೆ. ಆಪರೇಷನ್ ಆಗಿ ಎಚ್ಚರವಾದಾಗ ನಿನ್ನನ್ನು ಕರೆಯಲು ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ನೀನು ನನ್ನ ಕೈ ಹಿಡಿದುಕೊಂಡಿದ್ದೆ. ಆ ಕೈಯನ್ನು ಪೊಲೀಸರು ಹಿಡಿದುಕೊಂಡು ಹೋಗುವುದನ್ನು ನಾನು ನೋಡಲಾರೆ ಎಂದು ಹೆದರಿದೆ. ಅವನಿಗೂ ಒಂದು ಕೈ ಇದೆ ಎಂದು ಆಗ ನನಗೆ ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇನ್ನೊಂದು ಸುಳ್ಳನ್ನೂ ಒಪ್ಪಿಕೊಳ್ಳುತ್ತೇನೆ. ನಿನ್ನ ಕಾಗದಗಳನ್ನು ನಾನು ಸುಡಲಿಲ್ಲ. ಒಲೆಯ ಮೇಲೆ ಸುಟ್ಟದ್ದು ಕರೆಂಟ್ ಬಿಲ್ಲಿನ ಹಳೆಯ ಕವರು. ವಕೀಲನ ಕೈ, ದಾಖಲೆ ಸುಡಲು ಏಳಲಿಲ್ಲ. ನಾನು ಬರೆದದ್ದರ ನಕಲೂ ನನ್ನ ಬಳಿ ಇದೆ. ನಿನ್ನ ಜೂನ್ ಇಪ್ಪತ್ತರ ಪಾಠವನ್ನು ಆಗಾಗ ತೆಗೆದು ಓದುತ್ತೇನೆ. ಯಾರೂ ಯಾರಿಗೂ ಕೊಟ್ಟುಬಿಡುವುದಿಲ್ಲ, ನಡುವೆ ಇಟ್ಟು ಹಂಚಿಕೊಳ್ಳುತ್ತಾರೆ ಎಂದು ಬರೆದಿದ್ದೀ. ಈ ತಪ್ಪನ್ನು ಪೂರ್ತಿ ನನಗೆ ಕೊಟ್ಟುಬಿಡು ಎಂದು ಕೇಳುವ ಹಕ್ಕು ನನಗಿಲ್ಲ. ಅದರಲ್ಲಿ ನನ್ನ ಪಾಲು ಇದೆ ಎಂದು ಮಾತ್ರ ನೆನಪಿಡು.

ಕ್ಷಮಿಸು ಎಂದು ಕೇಳುವುದಿಲ್ಲ.

ಅಪ್ಪ


ಕಲೂರ್
2 ನವೆಂಬರ್ 2024

ಅಪ್ಪಾ,

ನಾನೂ ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಸುದ್ದಿ ಮಾತ್ರ ತಿಳಿಸುತ್ತೇನೆ.

ಗಣಪತಿ ನನ್ನ ಅಫಿಡವಿಟ್ ಮಾಡಿಸಿ ಸೆಪ್ಟೆಂಬರಿನಲ್ಲೇ ಕೋರ್ಟಿಗೆ ಕೊಟ್ಟ. ಸೀರೆಯ ಅಡಿಯಲ್ಲಿದ್ದ ಕಾಗದವೂ ಅದರ ಜೊತೆ ಹೋಗಿದೆ. ನನ್ನನ್ನು ಅಮಾನತು ಮಾಡಿದ್ದಾರೆ. ಯಶವಂತ ಎರಡು ದಿನ ಹೊರಗಿನ ಕೋಣೆಯಲ್ಲಿ ಮಲಗಿದರು, ಮೂರನೇ ದಿನ ಎದುರಿಗೆ ಕುಳಿತು ಎಲ್ಲ ಕೇಳಿಕೊಂಡರು. ಸಂಹಿತಾ ಕ್ಲಾಸಿನಲ್ಲಿ ಇದೇ ಪಾಠ ಕಲಿಯುತ್ತಿದ್ದಾಳೆ, ಪರಮಾಣು, ಅಣು, ಬಂಧ. ನನ್ನ ಹತ್ತಿರ ಸಂಶಯ ಕೇಳಲು ಬರುವುದನ್ನು ನಿಲ್ಲಿಸಿದ್ದಾಳೆ.

ಅನೀಶನ ಎಲುಬು ಕೂಡಿದೆಯಂತೆ, ಸೊಟ್ಟಗೆ ಕೂಡಿದೆ.

ಹದಿನೆಂಟಕ್ಕೆ ನನ್ನ ಸಾಕ್ಷಿ. ಬರಬೇಡಿ. ಅಮ್ಮನಿಗೆ ನೀವೇ ಹೇಳಿ.

ಶಂಕರಿ


(ಚೀಟಿ)
ಎರ್ನಾಕುಳಂ, ಕೋರ್ಟು ಹಾಲಿನ ಹಿಂದಿನ ಬೆಂಚು
18 ನವೆಂಬರ್ 2024

ಶಂಕರಿ,

ಬರಬೇಡಿ ಎಂದಿದ್ದೆ, ಬಂದಿದ್ದೇನೆ. ಇದನ್ನು ಗಣಪತಿ ನಿನಗೆ ಕೊಡುತ್ತಾನೆ. ಮೇ ತಿಂಗಳಲ್ಲಿ ಗೊತ್ತಾದದ್ದನ್ನು ಸೆಪ್ಟೆಂಬರ್ ತನಕ ಯಾಕೆ ಮುಚ್ಚಿಟ್ಟಿರಿ ಎಂದು ಅವರು ಕೇಳಿಯೇ ಕೇಳುತ್ತಾರೆ. ನಾನಾದರೂ ಅದನ್ನೇ ಕೇಳುತ್ತಿದ್ದೆ. ಆಗ ನನ್ನ ಹೆಸರು ಹೇಳು. ಮುದುಕ, ಸ್ವರವಿಲ್ಲದವ ಎಂದು ಉಳಿಸಬೇಡ.

ಅಪ್ಪ


ಕಲೂರ್
18 ನವೆಂಬರ್ 2024

ಅಪ್ಪಾ,

ನೀವು ಈಗ ರೈಲಿನಲ್ಲಿ ಇರುತ್ತೀರಿ. ಈ ಕಾಗದ ನಿಮ್ಮ ಹಿಂದೆಯೇ ಬರುತ್ತದೆ. ನೀವು ನೋಡದೆ ಹೋದದ್ದು ಒಂದಿದೆ, ಅದನ್ನು ಇವತ್ತೇ ಬರೆಯಬೇಕು.

ಆ ಪ್ರಶ್ನೆ ಬಂದಾಗ ನಾನು ನಿಮ್ಮ ಕಡೆ ನೋಡಲಿಲ್ಲ. ಯಾರ ಸಲಹೆಯ ಮೇಲೆ ಕಾದಿರಿ ಎಂದು ಸರ್ಕಾರಿ ವಕೀಲರು ಎರಡನೇ ಸಲ ಕೇಳಿದಾಗ, “ನನ್ನ ತಂದೆಯವರು” ಎಂದೆ. ಹಿಂದೆ ಬೆಂಚು ಸರಿದ ಸದ್ದಾಯಿತು. ನೀವು ಎದ್ದು ನಿಂತಿದ್ದಿರಿ. ನ್ಯಾಯಾಧೀಶರು ಹೆಸರು ಕೇಳಿದರು, ಮತ್ತೊಮ್ಮೆ ಕೇಳಿದರು. ನೀವು ಗಂಟಲಿನ ಬಟ್ಟೆ ಸರಿಸಿ ತೋರಿಸಿ, ಚೀಲದಿಂದ ಕಾಗದಗಳ ಕಟ್ಟು ತೆಗೆದು ಗುಮಾಸ್ತರಿಗೆ ಕೊಟ್ಟಿರಿ. ನನ್ನವೂ ನಿಮ್ಮವೂ, ತಾರೀಕಿನ ಪ್ರಕಾರ ಜೋಡಿಸಿದ್ದವು. ಆ ಗೋಡೆಗಳಿಗೆ ಮೂವತ್ತು ವರ್ಷ ಕೇಳಿಸಿದ ನಿಮ್ಮ ಸ್ವರವನ್ನು ನೆನೆದು ನನಗೆ ಅಳು ಬಂತು, ಸಾಕ್ಷಿಕಟ್ಟೆಯಲ್ಲೇ ಅತ್ತೆ. ಇನ್ನು ನಿಮ್ಮ ಮೇಲೂ ಕೇಸಾದರೆ ಆಗಲಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರೋಣ.

ಎರಡನೇ ಪೊಟ್ಟಣವನ್ನು ಬೇರೆ ಲ್ಯಾಬಿಗೆ ಕಳಿಸಲು ಆದೇಶವಾದದ್ದು, ಅನೀಶನಿಗೆ ಜಾಮೀನು ಸಿಕ್ಕಿದ್ದು ನಿಮಗೆ ಗೊತ್ತು. ನೀವು ಆಟೋ ಹುಡುಕಲು ಹೊರಗೆ ಹೋದಿರಿ. ಆಗ ಅವನನ್ನು ವರಾಂಡಕ್ಕೆ ಕರೆತಂದರು. ಕಾಗದಕ್ಕೆ ಸಹಿ ಹಾಕಲು ಪೆನ್ನು ಕೊಟ್ಟರೆ ಅದು ಬೆರಳಿನಲ್ಲಿ ನಿಲ್ಲಲಿಲ್ಲ. ಎಡಗೈಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೂದಲಿನ ಎಳೆ ಎಳೆ ಬಿಡಿಸುತ್ತಿದ್ದವನು, ಅಪ್ಪಾ. ನಾನು ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವನು ಬೈಯಲಿಲ್ಲ. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ.

“ಮೇಡಂ, ಆ ಮೆಷಿನ್ ಯಾವಾಗ ಸರಿಯಾದದ್ದು?”

ಮೇ ತಿಂಗಳಲ್ಲಿ ಎಂದೆ.

ಅವನು ಬಲಗೈಯನ್ನು ಎದೆಯ ಹತ್ತಿರ ತಂದುಕೊಂಡ. ಮಡಚದ ಆ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಮುಟ್ಟುತ್ತಾ ಎಣಿಸಿದ, ಮೇ, ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ಬೆರಳು ಮುಗಿದವು. ಮತ್ತೆ ಹೆಬ್ಬೆರಳಿನಿಂದ ಶುರು ಮಾಡಿದ.

ಶಂಕರಿ